ಎಡಗಾಲಿನ ಬಾಡಿಗೆ

ಜ್ವರ ಒಂದೇ.
ಒಂದೇ ಚಾಪೆ ಮೇಲೆ ಮೂರು ರಾತ್ರಿ,
ಅವನಿಗೆ ನಾಲ್ಕು ವರ್ಷ, ನನಗೆ ಎರಡೂವರೆ.
ಬಿಟ್ಟು ಹೋಗುವಾಗ ಇಬ್ಬರದ್ದೂ ಎಡಗಾಲು ಒಯ್ದಿತು
ಅಂತ ಅವ್ವ ಹೇಳೋಳು,
ಕಳ್ಳ ಚಪ್ಪಲಿ ಒಯ್ದ ಹಾಗೆ, ಒಂದೊಂದು.

ದೊಡ್ಡಾಸ್ಪತ್ರೆ ಡಾಕ್ಟರು ಟೇಪು ಹಿಡಿದು ಅಳೆದು
ಇಬ್ಬರಿಗೂ ಬರೆದುಕೊಟ್ಟರು:
ಗಾದಿಲಿಂಗಪ್ಪ, ನಲವತ್ತೈದು ಪರ್ಸೆಂಟು.
ಹೊನ್ನೂರಮ್ಮ, ನಲವತ್ತೈದು ಪರ್ಸೆಂಟು.
ಹುಟ್ಟಿದ ಮೇಲೆ ನಾವಿಬ್ಬರೂ ಸಮ ಬಂದಿದ್ದು
ಆ ಎರಡು ಹಾಳೆ ಮೇಲೆ ಮಾತ್ರ.

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಅಣ್ಣ ಕಟಿಂಗ್ ಮಾಸ್ಟರು.
ಎತ್ತರದ ಸ್ಟೂಲು ಮಾಡಿಸಿ ಕೊಟ್ಟಿದ್ದಾರೆ, ಕಾಲಿಡೋಕೆ ಪಟ್ಟಿ ಹೊಡೆಸಿ.
ನೂರು ಪದರ ಬಟ್ಟೆಯೊಳಗೆ ಅವನ ಮಿಷನ್ನು ಹೋದರೆ
ಕೆರೆಯಲ್ಲಿ ನೀರುಹಾವು ಹೋದ ಹಾಗೆ,
ನೋಡೋಕೆ ಚೆಂದ. ಸುಳ್ಳು ಹೇಳಬಾರದು, ಕೈ ಅಂದರೆ ಅವನದ್ದು.
ಬೆಳಿಗ್ಗೆ ಸಾವಕಾರನ ಹುಡುಗ ಗಾಡಿ ತರ್ತಾನೆ,
ಮಾಸ್ಟರನ್ನ ಹತ್ತಿಸಿಕೊಂಡು ಹೋಗ್ತಾನೆ.
ಅವನ ಕಾಲಿನ ಬಾಡಿಗೆ
ಸಾವಕಾರನ ಪೆಟ್ರೋಲಿನಲ್ಲಿ ಜಮಾ.

ನಂದು ದಾರ ಕತ್ತರಿಸೋ ಕೆಲಸ.
ಹೊಸ್ತಿಲ ಒಳಗೆ, ಗೋಡೆಗೆ ಒರಗಿ,
ದಿನಕ್ಕೆ ಐವತ್ತು ಪ್ಯಾಂಟು, ಪ್ಯಾಂಟಿಗೆ ಎರಡು ರೂಪಾಯಿ.
ಜೇಬಿನ ಬಾಯಿ, ಬೆಲ್ಟಿನ ಕುಣಿಕೆ, ಜಿಪ್ಪಿನ ಬುಡ,
ಒಂದು ಎಳೆ ಉಳಿದರೂ ಪೀಸು ವಾಪಸ್ಸು.
ಮೂಗಿನೊಳಗೆ ನೀಲಿ, ಉಗುಳಿದರೆ ನೀಲಿ.
ಪಕ್ಕದ ಖಾಜಾಬಿ ಗಂಟು ತಲೆ ಮೇಲೆ ಇಟ್ಟುಕೊಂಡು
ಹೋಗ್ತಾಳೆ, ಬರ್ತಾಳೆ, ನೂರಕ್ಕೆ ನೂರು ಅವಳದ್ದು.
ನನಗೆ ಆಟೋ. ಹೋಗೋಕೆ ಇಪ್ಪತ್ತು, ಬರೋಕೆ ಇಪ್ಪತ್ತು.
ಅಂದರೆ
ಖಾಜಾಬಿಯ ನೂರು ನನ್ನ ಹೊಸ್ತಿಲು ದಾಟುವಾಗ ಅರವತ್ತು.
ನನ್ನ ಕಾಲಿನ ಬಾಡಿಗೆ ನಾನೇ ಕಟ್ಟೋದು.

ಒಮ್ಮೆ ಕೇಳಿದ್ದೆ, ಮಿಷನ್ ಮೇಲೆ ಕೂಡಿಸಿ ಅಂತ.
ತುಳಿಯೋ ಮಿಷನ್ನು, ನಿನ್ನ ಕೈಲಾಗಲ್ಲ ಅಂದರು.
(ನಗು ಬಂತು. ಕೈಲಾಗಲ್ಲವಂತೆ.)
ಆಮೇಲೆ ಕರೆಂಟಿನ ಮಿಷನ್ನು ಬಂತು,
ತುದಿಗಾಲಲ್ಲಿ ಒತ್ತಿದರೆ ಓಡುತ್ತೆ, ನನ್ನ ಬಲಗಾಲು ಗಟ್ಟಿ.
ಆಗ ಅಂದರು: ರಾತ್ರಿ ಪಾಳಿ, ಸುತ್ತ ಗಂಡಸರು,
ಹೆಣ್ಣಮಗಳು ನೀನು, ಅದರಲ್ಲೂ...
ಅದರಲ್ಲೂ ಅಂದ ಮೇಲೆ ಮುಂದಿನ ಮಾತು ಯಾರೂ ಮುಗಿಸಲಿಲ್ಲ.
ಕಾಲಿನ ನೆವ ತೀರಿತು, ಸೀರೆಯ ನೆವ ಸಿಕ್ಕಿತು.

ಅಣ್ಣನಿಗೆ ಹೆಣ್ಣು ಕೊಟ್ಟರು, ದುಡಿಯೋ ಕೈ ಐತಲ್ಲ ಅಂತ.
ನನ್ನ ನೋಡೋಕೆ ಬಂದವರು ಕತ್ತರಿ ಹಿಡಿದ ಕೈ ನೋಡಲಿಲ್ಲ,
ನಳದಿಂದ ಎರಡು ಕೊಡ ತರ್ತಾಳಾ ಅಂತ ಕೇಳಿ
ಚಹಾ ಕುಡಿದು ಎದ್ದರು.

ಕೂತು ಮಾಡೋ ಕೆಲಸ, ನಿನಗೇನವ್ವ ಅಂತಾನೆ ಅಣ್ಣ.
ಅವನೂ ಕೂತೇ ಮಾಡ್ತಾನೆ.
ಅವನು ಕೂತರೆ ಪಗಾರ,
ನಾನು ಕೂತರೆ ಪುರುಸೊತ್ತು.

ಹೋದ ಶನಿವಾರದ ಗಂಟಿನಲ್ಲಿ ಒಂದು ಪ್ಯಾಂಟು ಸಿಕ್ಕಿತು,
ಎಡಗಾಲು ಎರಡು ಇಂಚು ಗಿಡ್ಡ.
ಯಾವನೋ ನಿದ್ದೆಗಣ್ಣಲ್ಲಿ ಹೊಲಿದಿದ್ದು.
ರಿಜೆಕ್ಟು, ಬಿಸಾಕು ಅಂದರು.
ಅಣ್ಣನಿಗೆ ತಂದು ಕೊಟ್ಟೆ.

ಹಾಕಿಕೊಂಡ. ಮಡಚಲಿಲ್ಲ, ಪಿನ್ನು ಚುಚ್ಚಲಿಲ್ಲ.
ಇಷ್ಟು ವರ್ಷದ ಮೇಲೆ ಮೊದಲನೇ ಸಲ
ಒಂದು ಬಟ್ಟೆ ಅವನ ಅಳತೆಗೆ ಹುಟ್ಟಿ ಬಂದಿತ್ತು.
ಕನ್ನಡಿ ಮುಂದೆ ಆ ಕಡೆ ತಿರುಗಿದ, ಈ ಕಡೆ ತಿರುಗಿದ,
ಮಾಸ್ಟರು ಹೋಗಿ ಹುಡುಗ ಆಗಿದ್ದ.
ನಾನು ಅವನ ಕಾಲ ಬುಡದಲ್ಲಿ ಕೂತು
ಅಂಚಿನಲ್ಲಿ ಉಳಿದಿದ್ದ ಎಳೆ ಕತ್ತರಿಸಿದೆ.

ಕೂಲಿ ಎಷ್ಟವ್ವ ಅಂದ, ನಗ್ತಾ.
ಎರಡು ರೂಪಾಯಿ ಅಂದೆ. ನಾನು ನಗಲಿಲ್ಲ.
ಜೇಬು ತಡವಿದ.
ಹೊಸ ಪ್ಯಾಂಟು. ಜೇಬು ಖಾಲಿ.
ಚಾಚಿದ ಕೈ ನಾನು ಹಿಂದಕ್ಕೆ ತಗೊಳ್ಳಲಿಲ್ಲ.